ಕೋಸಿನ ಹೊಲದ ಮತ

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಬಾಸ್ಟನ್ ಎಂಬ ಪಟ್ಟಣವಿದೆ. ಸುತ್ತಲೂ ಕೋಸು, ಹೂಕೋಸು, ಆಲೂಗಡ್ಡೆ ಬೆಳೆಯುವ ಫಲವತ್ತಾದ ನೆಲ. 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಇಲ್ಲಿ ಶೇ 75.6ರಷ್ಟು ಮತ ಐರೋಪ್ಯ ಒಕ್ಕೂಟದಿಂದ ಹೊರಬರುವುದರ ಪರ ಬಿತ್ತು. ಇಡೀ ಬ್ರಿಟನ್ನಿನಲ್ಲೇ ಅದು ಅತಿ ಹೆಚ್ಚು. ಈ ಜನರನ್ನು ಜನಾಂಗದ್ವೇಷಿಗಳೆಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ.

2004ರಲ್ಲಿ ಪೋಲೆಂಡ್, ಲಿಥುವೇನಿಯಾ ಸೇರಿದಂತೆ ಹತ್ತು ದೇಶಗಳು ಒಕ್ಕೂಟಕ್ಕೆ ಬಂದಾಗ ಬ್ರಿಟನ್ ಅಲ್ಲಿನ ಕಾರ್ಮಿಕರಿಗೆ ಕೂಡಲೇ ಬಾಗಿಲು ತೆರೆಯಿತು. ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬಂದಾರೆಂಬ ಅಂದಾಜಿತ್ತು, ಬಂದವರು ಲಕ್ಷಗಟ್ಟಲೆ. ಬಾಸ್ಟನ್ನಿನ ಹೊಲಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಬಗ್ಗಿ ನಡೆಯುತ್ತ ಕೋಸು ಕೊಯ್ದು, ಹೊರಗಿನ ಎಲೆ ಸವರಿ, ಅಲ್ಲಲ್ಲೇ ಪೆಟ್ಟಿಗೆಗೆ ತುಂಬುವ ಕೆಲಸ ಅವರ ಪಾಲಿಗೆ ಬಂತು. ನಸುಕಿನಲ್ಲೇ ಮೇಸ್ತ್ರಿಯ ವ್ಯಾನು ಬರಬೇಕು. ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ. ಅಗ್ಗದ ದುಡಿಮೆಯ ಲಾಭ ಸೂಪರ್‌ಮಾರ್ಕೆಟ್‌ಗಳಿಗೂ ಜಮೀನುದಾರರಿಗೂ ಸಂದಿತು. ಬಾಡಿಗೆ ಮನೆಗೆ, ಶಾಲೆಯ ಸೀಟಿಗೆ, ಡಾಕ್ಟರರಿಗಾಗಿ ಕಾಯುವ ಪಾಡು ಮಾತ್ರ ಊರಿನವರದೂ ಹೊಸಬರದೂ ಆಯಿತು.

ವಲಸಿಗರ ಸಂಖ್ಯೆಯೊಂದೇ ಸಿಟ್ಟಿಗೆ ಕಾರಣವಾಗಿದ್ದರೆ ಲಂಡನ್ನಿನ ಲ್ಯಾಂಬೆತ್ ಮೊದಲು ಸಿಡಿಯಬೇಕಿತ್ತು. 1948ರಿಂದಲೂ ಕೆರಿಬಿಯನ್ ಜನ ಬಂದು ನೆಲೆಸಿದ ಆ ಪ್ರದೇಶ ಶೇ 78.6ರಷ್ಟು ಮತವನ್ನು ಒಕ್ಕೂಟದಲ್ಲಿ ಉಳಿಯಲೆಂದೇ ಕೊಟ್ಟಿತು. ಲಂಡನ್ ದಶಕಗಳಲ್ಲಿ ಕಂಡ ಬದಲಾವಣೆ ಬಾಸ್ಟನ್ನಿಗೆ ಹತ್ತೇ ವರ್ಷದಲ್ಲಿ ಎದುರಾಯಿತು. ಅದೇ ಹೊತ್ತಿಗೆ, 2010ರ ನಂತರ, ಸರ್ಕಾರ ಸಾಮಾಜಿಕ ಭದ್ರತೆಯ ಖರ್ಚಿಗೆ ಕತ್ತರಿ ಹಾಕಿತು. ಆ ಕಡಿತದ ಪೆಟ್ಟು ಜೋರಾಗಿ ಬಿದ್ದ ಕಡೆಗಳಲ್ಲೇ ಒಕ್ಕೂಟದಿಂದ ಹೊರಬರಬೇಕೆನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ ಬೆಂಬಲ ಏರಿತೆಂದು ಅರ್ಥಶಾಸ್ತ್ರಜ್ಞ ಥೀಮೊ ಫೆಟ್ಸರ್ 2019ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೊಟ್ಟೆಯ ಸಂಕಟಕ್ಕೆ ಪಕ್ಕದ ಮನೆಯವನೇ ಕಾರಣ ಎಂದು ಹೇಳುವವರಿಗೆ ಇದಕ್ಕಿಂತ ಹದವಾದ ನೆಲ ಬೇಕೆ?

ಬ್ರೆಕ್ಸಿಟ್ ಆಯಿತು, ವಲಸೆ ನಿಲ್ಲಲಿಲ್ಲ. ಬ್ರಿಟನ್ನಿನ ಹೊಲಗಳಿಗೆ ಕಿರ್ಗಿಸ್ತಾನ, ಉಜ್ಬೇಕಿಸ್ತಾನಗಳಿಂದ ಹಂಗಾಮಿ ವೀಸಾದ ಕೂಲಿಗಳು ಬಂದರು; ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಭಾರತ, ನೈಜೀರಿಯಾಗಳಿಂದ ದಾದಿಯರು, ಆರೈಕೆದಾರರು. ವಲಸೆ ತಗ್ಗಿಸುವುದಾಗಿ ಕೊಟ್ಟ ಮಾತು ಸುಳ್ಳಾದಾಗ ಜನ ಮಧ್ಯಮ ಮಾರ್ಗಕ್ಕೆ ಮರಳಲಿಲ್ಲ, ಇನ್ನೂ ಗಟ್ಟಿಯಾಗಿ ಕೂಗುವವರ ಕಡೆ ಹೊರಳಿದರು. 2024ರಲ್ಲಿ ಬಾಸ್ಟನ್ ಮತ್ತು ಸ್ಕೆಗ್ನೆಸ್ ಕ್ಷೇತ್ರ ವಲಸೆ ವಿರೋಧಿ ರಿಫಾರ್ಮ್ ಯುಕೆ ಪಕ್ಷದ ರಿಚರ್ಡ್ ಟೈಸ್ ಅವರನ್ನು ಸಂಸತ್ತಿಗೆ ಕಳಿಸಿತು.

ಈ ಸಿಟ್ಟನ್ನು ತಣಿಸಲು ಅದೇ ವರ್ಷ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಆರಿಸಿಕೊಂಡದ್ದೂ ಸುಲಭದ ದಾರಿಯನ್ನೇ. ಶಾಲೆ, ವಸತಿಗಳ ಕೊರತೆ ನೀಗುವ ಮೊದಲೇ ವೀಸಾ ಬಿಗಿಯಾಯಿತು. 2025ರ ಜುಲೈನಿಂದ ಭಾರತವೂ ಸೇರಿ ಹೊರದೇಶಗಳಿಂದ ಆರೈಕೆದಾರರ ಹೊಸ ನೇಮಕಾತಿ ನಿಂತಿದೆ.