ಒಲೆಯ ಮೇಲೆ ಹೊರಿಸಿದ ಕೊಲೆ

"ಉರಿ ನೋಡ್ಕಳಕ್ಕೆ ಬರ್ನಿಲ್ಲ, ಸತ್ರು."

ಕಳ್ಳಸಾರಾಯಿ ಕುಡಿದು ಜನ ಸತ್ತಾಗಲೆಲ್ಲ ಈ ಮಾತು ಎಲ್ಲಿಂದಲೋ ಹುಟ್ಟುತ್ತದೆ. ಟೀ ಅಂಗಡಿಯಲ್ಲಿ ಹೀಗೆ ಒರಟಾಗಿ ಬರುತ್ತದೆ. ಪತ್ರಿಕೆಯಲ್ಲಿ ಇಸ್ತ್ರಿ ಹಾಕಿಕೊಂಡು, ಅವೈಜ್ಞಾನಿಕವಾಗಿ ಬಟ್ಟಿ ಇಳಿಸಿದ್ದರಿಂದ ಮದ್ಯ ವಿಷವಾಯಿತು ಎಂದು ಬರುತ್ತದೆ. ವಿಜ್ಞಾನ ಓದಿದವರ ಬಾಯಲ್ಲಿ ಇನ್ನೂ ನುಣುಪು: ಮಿಥೈಲ್ ಆಲ್ಕೋಹಾಲು 65 ಡಿಗ್ರಿಗೆ ಕುದಿಯುತ್ತದೆ, ಈಥೈಲ್ ಆಲ್ಕೋಹಾಲು 78ಕ್ಕೆ, ಕೇರಿಯವರಿಗೆ ಥರ್ಮಾಮೀಟರು ಗೊತ್ತಿಲ್ಲ, ಎರಡನ್ನೂ ಕೂಡಿಸಿ ಇಳಿಸಿದರು, ಕುಡಿದರು, ಸತ್ತರು. ಮೂರು ಬಾಯಿಯ ತೀರ್ಪೂ ಒಂದೇ. ಸತ್ತವರೇ ಕೊಂದವರು.

ನಾವು ಇದನ್ನು ಒಪ್ಪುವುದಿಲ್ಲ. ಅಯ್ಯೋ ಪಾಪ ಎಂಬ ಕನಿಕರ ನಮಗೆ ಬೇಕಿಲ್ಲ. ಅವರದೇ ವಿಜ್ಞಾನವನ್ನು ಕೈಯಲ್ಲಿ ಹಿಡಿದು ಒಪ್ಪುವುದಿಲ್ಲ ಎನ್ನುತ್ತೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಾವು ಭಟ್ಟಿಯ ವಕೀಲರಲ್ಲ. ಸಾರಾಯಿ ನಮ್ಮ ಹಟ್ಟಿಗಳನ್ನು ಹೇಗೆ ತಿಂದು ತೇಗಿತು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಕೂಗಿದ ನಾಡು ಇದು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಕಾಲಿನ ಬೊಕ್ಕೆಗಳ ಮುಂದೆ ನಿಂತು ಹೆಂಡದ ಹಾಡು ಹೇಳುವಷ್ಟು ನಾಚಿಕೆಗೆಟ್ಟವರಲ್ಲ ನಾವು. ಆದರೆ ಕುಡಿತದ ಕೇಡು ಒಂದು ಲೆಕ್ಕ. ವಿಷ ಹಾಕಿ ಕೊಂದದ್ದು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಖಾತೆಗೆ ಬರೆದರೆ ಲಾಭ ಯಾರಿಗೆ?

ಈಗ ಉರಿಯ ವಿಷಯಕ್ಕೆ ಬರೋಣ.

ಉಷ್ಣ ಬೇರೆ, ತಾಪ ಬೇರೆ ಎಂದು ಹೈಸ್ಕೂಲಿನಲ್ಲಿ ನೀವೇ ಪಾಠ ಮಾಡುತ್ತೀರಿ ಮೇಷ್ಟ್ರೇ. ಅನ್ನದ ಎಸರು ಕುದಿ ಹತ್ತಿದ ಮೇಲೆ ಒಲೆಗೆ ಇನ್ನೆರಡು ಸೌದೆ ತುರುಕಿ ನೋಡಿ. ನೀರು 100 ಡಿಗ್ರಿ ದಾಟುವುದಿಲ್ಲ, ಆವಿ ಮಾತ್ರ ಜೋರಾಗುತ್ತದೆ. (ಈ 100 ಕೂಡ ಸಮುದ್ರದ ದಂಡೆಯ ಲೆಕ್ಕ. ಬೆಂಗಳೂರಿನ ಎತ್ತರದಲ್ಲಿ 97ರ ಹತ್ತಿರವೇ ನೀರು ಕುದಿಯುತ್ತದೆ. ಪುಸ್ತಕ ಬರೆದವರಿಗೆ ನಮ್ಮ ನೆಲದ ನೆನಪಿರುವುದಿಲ್ಲ.) ಎಷ್ಟು ಡಿಗ್ರಿಗೆ ಕುದಿಯಬೇಕು ಎಂದು ಸೌದೆ ಹೇಳುವುದಿಲ್ಲ, ಮಡಕೆಯೊಳಗೆ ಇರುವುದು ಹೇಳುತ್ತದೆ. ಹುಳಿ ಬಂದ ಬೆಲ್ಲದ ಕೊಳೆಯಲ್ಲಿ ಆಲ್ಕೋಹಾಲು ನೂರಕ್ಕೆ ಏಳೆಂಟು ಪಾಲು ಇದ್ದರೆ ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ನೀರು. ಅದು 65ಕ್ಕೂ ಕುದಿಯುವುದಿಲ್ಲ, 78ಕ್ಕೂ ಕುದಿಯುವುದಿಲ್ಲ. 90 ದಾಟಿದ ಮೇಲೆ ಕುದಿ ಹತ್ತುತ್ತದೆ. ಆಲ್ಕೋಹಾಲು ಇಳಿದು ಹೋಗುತ್ತಿದ್ದ ಹಾಗೆ ತಾಪ ತಾನೇ ತಾನಾಗಿ ನೀರಿನ ಕುದಿಯ ಕಡೆಗೆ ಏರುತ್ತದೆ. ಅದನ್ನು 78ರಲ್ಲಿ ಹಿಡಿದು ನಿಲ್ಲಿಸುವ ಒಲೆ ಈ ಭೂಮಿಯ ಮೇಲೆ ಇಲ್ಲ. ಕಾಲೇಜಿನ ಲ್ಯಾಬಿನಲ್ಲೂ ಇಲ್ಲ.

ಹಾಗಾದರೆ ಉರಿಗೆ ಏನು ಕೆಲಸ? ಅದು ವೇಗವನ್ನು ಹಿಡಿದಿರುತ್ತದೆ. ಉರಿ ಹದವಾಗಿದ್ದರೆ ಆವಿ ನಿಧಾನವಾಗಿ ಏಳುತ್ತದೆ, ನೀರಿನಂಶ ಒಂದಿಷ್ಟು ಒಳಗೇ ಮತ್ತೆ ಇಳಿದುಬೀಳುತ್ತದೆ, ಹನಿ ಬಿಗಿಯಾಗಿ ಬರುತ್ತದೆ. ಉರಿ ಏರಿದರೆ ನೊರೆ ಉಕ್ಕಿ ಕೊಳೆಯೇ ಮೇಲಕ್ಕೆ ಬರುತ್ತದೆ, ತಳ ಹತ್ತಿ ಕಮಟು ಹೊಡೆಯುತ್ತದೆ. ಮೇಲಿನ ಪಾತ್ರೆಯ ತಣ್ಣೀರು ಬಿಸಿಯಾಗುತ್ತದೆ. ನೀರು ಬಿಸಿಯಾದರೆ ಆವಿ ಹನಿಯಾಗುವುದಿಲ್ಲ, ಮಣ್ಣು ಮೆತ್ತಿದ ಸಂದಿಯಲ್ಲಿ ನುಗ್ಗಿ ಹೊರಗೆ ಬರುತ್ತದೆ. ಕೆಳಗೆ ಉರಿಯುವ ಒಲೆ, ಮೇಲೆ ಆಲ್ಕೋಹಾಲಿನ ಆವಿ, ಸುತ್ತ ಸೋಗೆಯ ಗುಡಿಸಲು. ಮುಂದಿನದು ಹೇಳಬೇಕಾಗಿಲ್ಲ. ಉರಿ ಕೈತಪ್ಪಿದರೆ ಆಗುವ ನಿಜವಾದ ಅನಾಹುತ ಇದು, ಮೈ ಸುಡುವುದು, ಮನೆ ಸುಡುವುದು. ಪಾತ್ರೆಗೆ ಕೈ ಅದ್ದಿ ನೋಡಿ ನೀರು ಬದಲಾಯಿಸುವ, ಹೊತ್ತಿಗೆ ಸರಿಯಾಗಿ ಕೊಳ್ಳಿ ಹಿಂದಕ್ಕೆ ಎಳೆಯುವ ಹೆಂಗಸಿಗೆ ಇದಿಷ್ಟೂ ಗೊತ್ತು. ಅವಳಿಗೆ ಗೊತ್ತಿರುವುದಕ್ಕೆ ಪಠ್ಯಪುಸ್ತಕದಲ್ಲಿ 'ಆಸವನ' ಎಂದು ಹೆಸರು, ಗಾಜಿನ ನಳಿಗೆಯ ಚಿತ್ರ, ಪರೀಕ್ಷೆಯಲ್ಲಿ ಅಂಕ. ಅವಳ ಮಡಕೆಗೆ ಕಳ್ಳಭಟ್ಟಿ ಎಂದು ಹೆಸರು, 1965ರ ಕರ್ನಾಟಕ ಅಬಕಾರಿ ಕಾಯ್ದೆ, ಜೈಲು.

ಇನ್ನು ವಿಷ. ಮಿಥೈಲ್ ಆಲ್ಕೋಹಾಲು ಎಲ್ಲಿಂದ ಬಂತು? ಉರಿ ಅದನ್ನು ಹುಟ್ಟಿಸುವುದಿಲ್ಲ. ಎಷ್ಟು ಕಾಯಿಸಿದರೂ ಈಥೈಲು ಮಿಥೈಲಾಗುವುದಿಲ್ಲ. ಹುಳಿಯುವಾಗ ಮಿಥೈಲು ಹುಟ್ಟುವುದು ಹಣ್ಣಿನ ಪೆಕ್ಟಿನ್ನಿನಿಂದ, ಅದೂ ಸ್ವಲ್ಪ. ಬೆಲ್ಲದಲ್ಲಿ ಪೆಕ್ಟಿನ್ ಇದೆ ಅನ್ನುವಷ್ಟೂ ಇಲ್ಲ. ಹಣ್ಣಿನಿಂದಲೇ ಇಳಿಸುವ ಗೋವೆಯ ಗೇರು ಫೆನ್ನಿಗೆ 2009ರಲ್ಲಿ ಸರ್ಕಾರವೇ ಭೌಗೋಳಿಕ ಗುರುತು ಕೊಟ್ಟು ಬಾಟಲಿಗೆ ಮೆರವಣಿಗೆ ಮಾಡಿಸಿತು. ಅತ್ತ ನ್ಯೂಜಿಲೆಂಡಿನಲ್ಲಿ ಮನೆಯ ಮಟ್ಟಿಗೆ ಬಟ್ಟಿ ಇಳಿಸಿಕೊಳ್ಳುವುದು 1996ರಿಂದ ಅಪರಾಧವೇ ಅಲ್ಲ. ಅಲ್ಲಿ ಅದು ರಜಾದಿನದ ಶೋಕಿ. ಮನೆಯ ಒಲೆಯೇ ಕೊಲ್ಲುವುದಾಗಿದ್ದರೆ ಅಲ್ಲೂ ಓಣಿಗಟ್ಟಲೆ ಹೆಣ ಬೀಳಬೇಕಿತ್ತಲ್ಲ ಸ್ವಾಮಿ?

ಮೊದಲ ಲೋಟ ಚೆಲ್ಲಿಬಿಟ್ಟರೆ ವಿಷ ಹೋಯ್ತು ಎಂದು ನಂಬಿದವರು ನಮ್ಮಲ್ಲೂ ಇದ್ದಾರೆ. ಅವರಿಗೆ ಒತ್ತಿ ಹೇಳಬೇಕು. ಆ ಮೊದಲ ಹನಿಗಳಲ್ಲಿ ಮೂಗಿಗೆ ಹೊಡೆಯುವ ಬೇರೆ ಬೇರೆ ಪದಾರ್ಥಗಳು ಹೋಗುತ್ತವೆ, ನಿಜ. ಆದರೆ ನೀರೇ ಹೆಚ್ಚಿರುವ ಕೊಳೆಯಲ್ಲಿ ಮಿಥೈಲು, ಈಥೈಲು ಎರಡೂ ಹೆಗಲಿಗೆ ಹೆಗಲು ಕೊಟ್ಟು ಒಟ್ಟಿಗೇ ಏಳುತ್ತವೆ, ಮೊದಲ ಹನಿಯಿಂದ ಕೊನೆಯ ಹನಿಯವರೆಗೂ. ಯಾರೋ ಮಿಥೈಲು ಸುರಿದಿದ್ದರೆ ಅದನ್ನು ಯಾವ ಹದದ ಉರಿಯೂ ಬೇರೆ ಮಾಡುವುದಿಲ್ಲ. ಥರ್ಮಾಮೀಟರು ಕಾಯುವುದಿಲ್ಲ, ದೇವರೂ ಕಾಯುವುದಿಲ್ಲ.

ಯಾರೋ ಸುರಿದಿದ್ದರೆ. ಈ ಕಥೆಯೆಲ್ಲ ಇರುವುದು ಇಲ್ಲಿ. 1981ರ ಜುಲೈಯಲ್ಲಿ ಬೆಂಗಳೂರಿನ ಬಡವರ ಬೀದಿಗಳಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಎಲ್ಲ ಸೇರಿ ನೂರಕ್ಕೂ ಹೆಚ್ಚು ಹೆಣ. ಬಂಗಾಳದ ಸಂಗ್ರಾಂಪುರದಲ್ಲಿ 2011, ಮುಂಬಯಿಯ ಮಾಲ್ವಣಿಯಲ್ಲಿ 2015, ಅಸ್ಸಾಮಿನ ಟೀ ತೋಟದ ಕೂಲಿಗಳಲ್ಲಿ 2019, ಗುಜರಾತಿನ ಬೋಟಾದಿನಲ್ಲಿ 2022, ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ 2024. ಕಳ್ಳಕುರಿಚ್ಚಿಯಲ್ಲಿ ಸತ್ತ 60ಕ್ಕೂ ಮಿಕ್ಕ ಜನ ಹೆಚ್ಚಾಗಿ ದಿನಗೂಲಿಗಳು, ಅವರಲ್ಲಿ ನಮ್ಮವರು ಎಷ್ಟು ಎಂದು ಬಿಡಿಸಿ ಹೇಳಬೇಕೆ? ಪಾನನಿಷೇಧದ ಗುಜರಾತಿನ ಬೋಟಾದಿನಲ್ಲಿ ಒಂದು ಕಾರ್ಖಾನೆಯ ಗೋದಾಮಿನಿಂದ ಕದ್ದು ಸಾಗಿಸಿದ ಮಿಥೈಲನ್ನೇ ನೀರು ಬೆರೆಸಿ ಮಾರಿದ್ದಾರೆಂದು ಪೊಲೀಸರೇ ಹೇಳಿದರು. ಅಲ್ಲಿ ಒಲೆಯೂ ಇರಲಿಲ್ಲ, ಮಡಕೆಯೂ ಇರಲಿಲ್ಲ. ಯಾವ ಉರಿ ತಪ್ಪಿತು ಹೇಳಿ?

ಮಿಥೈಲ್ ಆಲ್ಕೋಹಾಲು ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ ಕಾರ್ಖಾನೆಯಲ್ಲಿ ತಯಾರಾಗುವ ಮಾಲು. ಬಣ್ಣ, ತಿನ್ನರು, ಪ್ಲೈವುಡ್ಡಿನ ಅಂಟು, ಔಷಧಿ ಕಾರ್ಖಾನೆ ಎಲ್ಲಕ್ಕೂ ಬೇಕು. ಕುಡಿಯುವ ಪದಾರ್ಥವಲ್ಲವಾದ್ದರಿಂದ ಮದ್ಯದ ಸುಂಕ ಅದಕ್ಕಿಲ್ಲ, ಅಗ್ಗ. ನೋಡಲು, ಮೂಸಲು ಆಲ್ಕೋಹಾಲಿನ ಹಾಗೇ, ಮೊದಲಿಗೆ ಮತ್ತೂ ಬರುತ್ತದೆ. ಲಾಭಬಡುಕನಿಗೆ ಇನ್ನೇನು ಬೇಕು? ಟ್ಯಾಂಕರಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ಕೇರಿಗೆ ಇಳಿದು ಬರುವಾಗ ಪ್ರತಿ ಮೆಟ್ಟಿಲಲ್ಲೂ ಒಬ್ಬ ಬದುಕಿಕೊಳ್ಳುತ್ತಾನೆ. ಕೊನೆಯ ಮೆಟ್ಟಿಲಲ್ಲಿ ಒಬ್ಬ ಸಾಯುತ್ತಾನೆ. ಪೊಲೀಸರು ಹುಡುಕಲು ಶುರು ಮಾಡುವುದು ಕೊನೆಯ ಮೆಟ್ಟಿಲಿನಿಂದ, ನಿಲ್ಲಿಸುವುದೂ ಅಲ್ಲೇ.

ಕೈಗಾರಿಕಾ ಆಲ್ಕೋಹಾಲು ನಮ್ಮ ಕೈಯಲ್ಲಿಲ್ಲ, ಅದು ದಿಲ್ಲಿಯದು ಎಂದು ರಾಜ್ಯಗಳು ನೆಪ ಹೇಳಬಹುದಿತ್ತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಕೈಗಾರಿಕಾ ಆಲ್ಕೋಹಾಲಿನ ಮೇಲೂ ರಾಜ್ಯಗಳಿಗೆ ಅಧಿಕಾರವಿದೆ ಎಂದು ಬಹುಮತದಿಂದ ಹೇಳಿತು. ಇನ್ನು ನೆಪ ಮುಗಿಯಿತು. 2025-26ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಒಂದೊಂದು ಕ್ವಾರ್ಟರಿನ ಸುಂಕವನ್ನೂ ಬಿಡದೆ ಎಣಿಸುವ ಕೈಗೆ, ಯಾವ ಗೋದಾಮಿನಿಂದ ಎಷ್ಟು ಲೀಟರು ಮಿಥೈಲು ಹೋಯಿತು, ಎಲ್ಲಿ ಮುಟ್ಟಿತು, ಎಷ್ಟು ನಡುದಾರಿಯಲ್ಲಿ ಮಾಯವಾಯಿತು ಎಂದು ಎಣಿಸಲು ಬೆರಳಿಲ್ಲವೆ?

ಶಾಲೆಯಲ್ಲಿ, ಸಂಘದಲ್ಲಿ ಹೇಳಲೇಬೇಕಾದ್ದು ಇನ್ನೊಂದಿದೆ. ಮಿಥೈಲು ಕುಡಿದವನಿಗೆ ತಕ್ಷಣ ಏನೂ ಆಗುವುದಿಲ್ಲ. ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣಿಗೆ ಮಂಜು. ಈಲಿಯಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. "ನಿನ್ನೆ ಕುಡ್ದಿದ್ದು, ಇಳ್ದೋಯ್ತದೆ, ಮಲಗ್ಲಿ ಬುಡಿ" ಎಂದು ಮಲಗಿಸಿದರೆ ಅವನು ಏಳುವುದಿಲ್ಲ. ಕಣ್ಣು ಮಂಜು ಅಂದ ಕೂಡಲೇ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಒಯ್ಯಬೇಕು, ಕುಡಿದದ್ದನ್ನು ಮುಚ್ಚಿಡದೆ ಹೇಳಬೇಕು. ಫೋಮೆಪಿಜೋಲ್ ಎಂಬ ಮದ್ದು ಇದೆ, ಅದಿಲ್ಲದಿದ್ದರೆ ಡಾಕ್ಟರು ಅಳತೆ ಮಾಡಿ ಈಥೈಲನ್ನೇ ಕೊಡುತ್ತಾರೆ. ಮನೆಯಲ್ಲಿ ಬ್ರಾಂದಿ ಕುಡಿಸಿ ನೋಡುವ ಹುಚ್ಚು ಬೇಡ. ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಬಾಯಿ ಬಿಡದೆ ಸತ್ತವರ ಸಾವು ಆ ಹೆದರಿಕೆ ಹುಟ್ಟಿಸಿದವರ ತಲೆಗೇ.

ದಾಳಿ ನಡೆದ ದಿನ ಮಹಜರಿಗೆ ಪಂಚರಾಗಿ ರುಜು ಹಾಕಲು ಕರೆಯುವುದು ಅಕ್ಷರ ಬಲ್ಲವರನ್ನು. ಕೇರಿಯಲ್ಲಿ ಅದು ನಾವು, ನೀವು. ಓದದೆ ರುಜು ಹಾಕಬೇಡಿ ಗೆಳೆಯರೆ. ಮಡಕೆ ಎಷ್ಟು, ಕೊಳೆ ಎಷ್ಟು ಲೀಟರು, ಸ್ಥಳದಲ್ಲೇ ನಾಶಪಡಿಸಲಾಯಿತು ಎಂದಷ್ಟೇ ಇದ್ದರೆ ನಿಲ್ಲಿಸಿ. ಕ್ಯಾನು ಸಿಕ್ಕಿತೆ, ಅದರ ಮೇಲಿನ ಚೀಟಿಯಲ್ಲಿ ಏನಿದೆ, ತಂದು ಕೊಟ್ಟವರು ಯಾರು, ಬಂದ ಗಾಡಿಯ ನಂಬರೇನು, ಮಾದರಿ ತೆಗೆದು ಸೀಲು ಮಾಡಿದರೆ ಎಂದು ಕೇಳಿ, ಬರೆಸಿ. "ಅದೆಲ್ಲಾ ಬರ್ಯಾಕಾಗಲ್ಲ" ಅಂದರೆ ಆ ಮಾತನ್ನೂ ನಿಮ್ಮ ಕೈಬರಹದಲ್ಲಿ ಕೆಳಗೆ ಬರೆದು, ಆಮೇಲೆ ರುಜು ಹಾಕಿ.