ಪ್ಲಾಸ್ಟಿಕ್ ಮೈಯ ಫೋನಿಗೆ ಮರಳಿ ಮನ್ನಣೆ ಸಲ್ಲಬೇಕೆ?

ಮನುಷ್ಯರಲ್ಲಿ ಮೇಲು ಕೀಳುಗಳನ್ನು ಎಣಿಸುವಂತೆಯೇ ವಸ್ತುಗಳಲ್ಲಿಯೂ ಎಣಿಸುವುದು ಸಮಾಜದ ಹಳೆಯ ಅಭ್ಯಾಸ. ಚಿನ್ನ ಬೆಳ್ಳಿಗಳಿಗೆ ಮೊದಲ ಪಂಕ್ತಿ, ತಾಮ್ರ ಹಿತ್ತಾಳೆಗಳಿಗೆ ನಡುವಿನದು, ಮಣ್ಣಿನ ಮಡಕೆಗೆ ಕಡೆಯದು. ಇಂದಿನ ಸ್ಮಾರ್ಟ್‌ಫೋನುಗಳ ಲೋಕದಲ್ಲಿಯೂ ಇಂತಹುದೇ ಒಂದು ಪಂಕ್ತಿಭೇದ ನೆಲೆಗೊಂಡಿದೆ. ಟೈಟೇನಿಯಂ ಮೈಯುಳ್ಳದ್ದು ಅತ್ಯುತ್ತಮ. ಗಾಜು ಮತ್ತು ಅಲ್ಯೂಮಿನಿಯಂ ಕೂಡಿದುದು ಉತ್ತಮ. ಪ್ಲಾಸ್ಟಿಕ್ಕಿನದಾದರೋ ಕೇವಲ ಅಗ್ಗದ ಸರಕು. ಅಂಗಡಿಯವನೂ ಹೀಗೆಯೇ ಹೇಳುತ್ತಾನೆ, ಕೊಳ್ಳುವವನೂ ಹೀಗೆಯೇ ನಂಬುತ್ತಾನೆ. ವಿದ್ಯಾರ್ಥಿನಿಲಯಗಳಲ್ಲಿ ಪ್ಲಾಸ್ಟಿಕ್ ಫೋನನ್ನು ಇಟ್ಟುಕೊಂಡ ಹುಡುಗನು ಅದನ್ನು ಜೇಬಿನಿಂದ ಹೊರತೆಗೆಯಲು ಸಂಕೋಚಪಡುವುದೂ ಉಂಟು. ಈ ತೀರ್ಪು ಭೌತಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲುವುದೇ? ನಿಲ್ಲುವುದಿಲ್ಲವೆಂದೂ, ಕೆಲವು ನಿಬಂಧನೆಗಳಿಗೆ ಒಳಪಟ್ಟು ಪ್ಲಾಸ್ಟಿಕ್ ಮೈಯ ಫೋನು ಮರಳಿ ಬರುವುದೇ ಯುಕ್ತವೆಂದೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಚರಿತ್ರೆಯನ್ನು ಸ್ವಲ್ಪ ನೋಡೋಣ. ದೂರವಾಣಿಗೂ ಪ್ಲಾಸ್ಟಿಕ್ಕಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಲಿಯೋ ಬೇಕಲಂಡನು ೧೯೦೭ರಲ್ಲಿ ತಯಾರಿಸಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನಿಂದ, ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯು ೧೯೩೧ರಲ್ಲಿ ದೂರವಾಣಿಯ ಹೊರಮೈಯನ್ನು ರೂಪಿಸಿತು. ಮುಂದೆ ಹಲವು ದಶಕಗಳ ಕಾಲ ಕಚೇರಿಗಳ ಮೇಜಿನ ಮೇಲೆ ಕುಳಿತಿದ್ದ ಆ ಕಪ್ಪು ಉಪಕರಣವನ್ನು ಅಗ್ಗದ ವಸ್ತುವೆಂದು ಯಾರೂ ಹಳಿಯಲಿಲ್ಲ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂಬ ಹೆಸರೇ ಬಂದಿತು. ೧೯೫೩ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ಹರ್ಮನ್ ಷ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಡೇನಿಯಲ್ ಫಾಕ್ಸ್, ಒಬ್ಬರಿಗೊಬ್ಬರು ಅರಿಯದೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿಮುಟ್ಟಾದ ಪ್ಲಾಸ್ಟಿಕ್ಕನ್ನು ಕಂಡುಹಿಡಿದರು. ಚಂದ್ರನ ಮೇಲೆ ನಡೆದ ಅಪೋಲೋ ಯಾತ್ರಿಕರ ಶಿರಸ್ತ್ರಾಣವು ಈ ವಸ್ತುವಿನದೇ. ೨೦೦೮ರ ಐಫೋನ್ ೩ಜಿ, ೨೦೧೧ರ ನೋಕಿಯಾ ಎನ್೯ ಇವುಗಳ ಮೈ ಕೂಡ ಪಾಲಿಕಾರ್ಬೊನೇಟೇ ಆಗಿತ್ತು. ಸ್ಯಾಮ್‌ಸಂಗ್ ಸಂಸ್ಥೆಯ ಗ್ಯಾಲಕ್ಸಿ ಎಸ್ ಮಾಲೆಯ ಫೋನುಗಳು ೨೦೧೪ರ ಎಸ್೫ರವರೆಗೆ ಪ್ಲಾಸ್ಟಿಕ್ ಬೆನ್ನನ್ನೇ ಹೊಂದಿದ್ದು, ೨೦೧೫ರ ಎಸ್೬ರಲ್ಲಿ ಗಾಜಿಗೆ ತಿರುಗಿದವು. ಅಂದಿನಿಂದ ಬೆಲೆಯುಳ್ಳ ಫೋನೆಂದರೆ ಗಾಜು ಮತ್ತು ಲೋಹ ಎಂಬುದು ರೂಢಿಯಾಯಿತು.

ಈ ರೂಢಿಗೆ ಆಧಾರವೇನು? ಕೈಯಲ್ಲಿ ಹಿಡಿದಾಗ ಲೋಹದ ಫೋನು ತಣ್ಣಗೆ, ಭಾರವಾಗಿ ಇರುವುದರಿಂದ ಅದು ಮೇಲ್ತರದ್ದೆಂದು ಜನ ಭಾವಿಸುತ್ತಾರೆ. ಈ ತಂಪಿನ ರಹಸ್ಯವನ್ನು ಅರಿಯಲು ಒಂದು ಸ್ಟೀಲ್ ಲೋಟವನ್ನೂ ಒಂದು ಪ್ಲಾಸ್ಟಿಕ್ ಲೋಟವನ್ನೂ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿಟ್ಟು ಬೆಳಗ್ಗೆ ಮುಟ್ಟಿ ನೋಡಿದರೆ ಸಾಕು. ಎರಡರ ಉಷ್ಣತೆಯೂ ಒಂದೇ. ಆದರೆ ಸ್ಟೀಲು ತಣ್ಣಗೆ ತೋರುತ್ತದೆ. ಕಾರಣ, ಅದು ನಮ್ಮ ಬೆರಳಿನ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ. ಶುದ್ಧ ಅಲ್ಯೂಮಿನಿಯಮ್ಮಿನ ಉಷ್ಣವಾಹಕತೆ ಮೀಟರು ಕೆಲ್ವಿನ್ನಿಗೆ ಸುಮಾರು ೨೩೭ ವಾಟ್, ಗಾಜಿನದು ಸುಮಾರು ೧, ಪಾಲಿಕಾರ್ಬೊನೇಟಿನದು ಸುಮಾರು ೦.೨. ಹೀಗೆ, ನಾವು 'ಗುಣ'ವೆಂದು ಬೆಲೆ ಕೊಡುವುದು ಬೆರಳ ತುದಿಯ ಶಾಖವು ಹರಿದುಹೋಗುವ ವೇಗಕ್ಕೆ. ಫೋನು ಮಾಡಬೇಕಾದ ಯಾವ ಕೆಲಸವೂ ಇದರಿಂದ ಉತ್ತಮವಾಗುವುದಿಲ್ಲ.

ಫೋನಿನ ಮುಖ್ಯ ಕೆಲಸವೆಂದರೆ ರೇಡಿಯೋ ತರಂಗಗಳನ್ನು ಕಳುಹಿಸುವುದು ಮತ್ತು ಸ್ವೀಕರಿಸುವುದು. ಇಲ್ಲಿ ಲೋಹವು ನೇರವಾಗಿ ಅಡ್ಡಬರುತ್ತದೆ. ಸೆಕೆಂಡಿಗೆ ನೂರು ಕೋಟಿ ಆವರ್ತನೆಯುಳ್ಳ ತರಂಗವೊಂದು ಅಲ್ಯೂಮಿನಿಯಮ್ಮಿನೊಳಗೆ ಕೇವಲ ೨.೬ ಮೈಕ್ರೋಮೀಟರು ಇಳಿಯುವಷ್ಟರಲ್ಲಿಯೇ ಅದರ ಪಾರವು ಸುಮಾರು ಮೂರನೆಯ ಒಂದು ಪಾಲಿಗೆ ಕುಗ್ಗುತ್ತದೆ. ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ ಇದರ ಹಲವು ಪಟ್ಟು ದಪ್ಪವಾಗಿದೆ. ಫೋನೊಂದನ್ನು ಆ ಹಾಳೆಯಲ್ಲಿ ಸಂದಿಲ್ಲದಂತೆ ಎರಡು ಮೂರು ಸುತ್ತು ಸುತ್ತಿ, ಇನ್ನೊಂದು ಫೋನಿನಿಂದ ಕರೆಮಾಡಿ ನೋಡಿದರೆ ವಿದ್ಯಾರ್ಥಿಗಳಿಗೆ ಇದರ ಮರ್ಮ ತಿಳಿಯುವುದು. ಲೋಹದ ಮೈಯುಳ್ಳ ಫೋನುಗಳಲ್ಲಿ ಕಾಣುವ ಕಿರಿದಾದ ಗೆರೆಗಳು ಅಲಂಕಾರಕ್ಕಾಗಿ ಇರುವುದಲ್ಲ. ತರಂಗಗಳ ಸಂಚಾರಕ್ಕೆಂದೇ ಲೋಹವನ್ನು ಕತ್ತರಿಸಿ ತುಂಬಿದ ಪ್ಲಾಸ್ಟಿಕ್ ಅದು. ೨೦೧೦ರ ಐಫೋನ್ ೪ರಲ್ಲಿ ಉಕ್ಕಿನ ಹೊರ ಅಂಚನ್ನೇ ಆಂಟೆನಾ ಆಗಿ ಮಾಡಿದ್ದರು. ಅಂಚಿನ ಸಂದಿನ ಮೇಲೆ ಕೈ ತಗುಲಿದಾಗ ಸಂಕೇತ ಕ್ಷೀಣಿಸುತ್ತಿದ್ದುದರಿಂದ ಬಳಕೆದಾರರಿಗೆ ಹೊರಕವಚಗಳನ್ನು ಉಚಿತವಾಗಿ ಹಂಚಬೇಕಾಯಿತು. ತಂತಿಯಿಲ್ಲದೆ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ವಿಧಾನಕ್ಕೂ ಲೋಹ ಹೊಂದದು. ಬದಲಾಗುವ ಕಾಂತಕ್ಷೇತ್ರವು ಲೋಹದ ಬೆನ್ನಿನಲ್ಲಿ ಸುಳಿಪ್ರವಾಹಗಳನ್ನೆಬ್ಬಿಸಿ ಶಕ್ತಿಯನ್ನು ಶಾಖವಾಗಿ ವ್ಯಯಮಾಡುತ್ತದೆ. ಇದಕ್ಕಾಗಿಯೇ ಗಾಜಿನ ಬೆನ್ನು ಬೇಕಾಯಿತೆಂದು ವಾದಿಸುವವರಿದ್ದಾರೆ. ಆದರೆ ೨೦೧೨ರ ನೋಕಿಯಾ ಲೂಮಿಯಾ ೯೨೦ ಪಾಲಿಕಾರ್ಬೊನೇಟಿನ ಮೈಯಲ್ಲಿಯೇ ಈ ಸೌಕರ್ಯವನ್ನು ಒದಗಿಸಿತ್ತು. ಬೇಕಾದುದು ವಿದ್ಯುತ್ತಿನ ಅವಾಹಕ. ಅದು ಗಾಜೇ ಆಗಬೇಕೆಂಬ ನಿಯಮವಿಲ್ಲ.

ಇನ್ನು ಬೀಳುವ ಮಾತು. ೨೦೦ ಗ್ರಾಂ ತೂಕದ ಫೋನು ಒಂದು ಮೀಟರು ಎತ್ತರದಿಂದ ಬಿದ್ದರೆ ನೆಲವನ್ನು ಮುಟ್ಟುವಾಗ ಅದರಲ್ಲಿ ಸುಮಾರು ಎರಡು ಜೂಲ್ ಚಲನಶಕ್ತಿ ಇರುತ್ತದೆ. ಈ ಶಕ್ತಿ ಒಂದು ಮಿಲಿಮೀಟರಿನಷ್ಟು ದೂರದಲ್ಲಿ ಅಡಗಬೇಕಾದರೆ ಸರಾಸರಿ ಬಲ ಸುಮಾರು ೨೦೦೦ ನ್ಯೂಟನ್. ಐದು ಮಿಲಿಮೀಟರಿನಲ್ಲಿ ಅಡಗುವುದಾದರೆ ೪೦೦ ನ್ಯೂಟನ್ ಮಾತ್ರ. ಆದುದರಿಂದ ಸ್ವಲ್ಪ ಬಾಗಿ, ಸ್ವಲ್ಪ ತಗ್ಗಿ ಏಟನ್ನು ತಿನ್ನುವ ವಸ್ತುವೇ ಒಳಗಿನ ಅಂಗಗಳನ್ನು ಕಾಪಾಡುತ್ತದೆ. ಗಾಜಿಗೆ ಈ ಗುಣವಿಲ್ಲ. ಕಣ್ಣಿಗೆ ಕಾಣದ ಗೀರುಗಳ ತುದಿಯಲ್ಲಿ ಒತ್ತಡವು ಹಲವು ಪಟ್ಟು ಸಾಂದ್ರವಾಗಿ ಬಿರುಕು ಓಡುತ್ತದೆಂದು ಗ್ರಿಫಿತ್ ಎಂಬ ಇಂಗ್ಲಿಷ್ ವಿಜ್ಞಾನಿಯು ೧೯೨೧ರಲ್ಲಿಯೇ ತೋರಿಸಿಕೊಟ್ಟನು. ಈಗಿನ ಫೋನುಗಳ ಗಾಜನ್ನು ಕರಗಿದ ಪೊಟಾಸಿಯಂ ಲವಣದಲ್ಲಿ ಅದ್ದಿ, ಚಿಕ್ಕ ಸೋಡಿಯಂ ಅಯಾನುಗಳ ಸ್ಥಾನದಲ್ಲಿ ದೊಡ್ಡ ಪೊಟಾಸಿಯಂ ಅಯಾನುಗಳನ್ನು ತುರುಕಿ, ಮೇಲ್ಮೈಯನ್ನು ಬಿಗಿಯಾಗಿ ಅದುಮಿಟ್ಟಿರುತ್ತಾರೆ. ಇದು ಮೆಚ್ಚತಕ್ಕ ಜಾಣ್ಮೆಯೇ ಸರಿ. ಆದರೂ ಗಾಜು ಗಾಜೇ. ನೋಡುವುದಕ್ಕೆ ಮುಂಭಾಗದಲ್ಲಿ ಗಾಜು ಅವಶ್ಯ. ಯಾರೂ ನೋಡದ ಬೆನ್ನಿಗೂ ಅದನ್ನೇ ಹೊದಿಸಿ, ಒಡೆಯುವ ಮುಖಗಳನ್ನು ಎರಡು ಮಾಡಿಕೊಳ್ಳುವುದರಲ್ಲಿ ಏನು ವಿವೇಕವಿದೆ?

ಪ್ಲಾಸ್ಟಿಕ್ಕಿನ ವಿರುದ್ಧವಾಗಿ ಹೇಳುವ ಮಾತುಗಳನ್ನೂ ನ್ಯಾಯವಾಗಿ ತೂಗಬೇಕು. ಅದು ಶಾಖವನ್ನು ಒಳಗೇ ಕೂಡಿಹಾಕುತ್ತದೆಂಬುದು ಮೊದಲನೆಯದು. ಲೆಕ್ಕಹಾಕಿ ನೋಡೋಣ. ಫೋನಿನ ಬೆನ್ನು ೧೬ ಸೆಂಟಿಮೀಟರು ಉದ್ದ, ೭.೫ ಸೆಂಟಿಮೀಟರು ಅಗಲವಿದ್ದು, ಮೂರು ವಾಟ್ ಶಾಖವೆಲ್ಲ ಅದರ ಮೂಲಕವೇ ಸಮನಾಗಿ ಹೊರಹೋಗುವುದೆಂದು ಇಟ್ಟುಕೊಳ್ಳೋಣ. ಒಂದು ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ಕನ್ನು ದಾಟಲು ಬೇಕಾಗುವ ಉಷ್ಣತೆಯ ವ್ಯತ್ಯಾಸ ಸುಮಾರು ಒಂದೂಕಾಲು ಡಿಗ್ರಿ. ಆದರೆ ಆ ಶಾಖವು ಬೆನ್ನಿನಿಂದ ನಿಶ್ಚಲವಾದ ಗಾಳಿಗೆ ಹೋಗಲು ಬೇಕಾಗುವ ವ್ಯತ್ಯಾಸ ಸುಮಾರು ಇಪ್ಪತ್ತೈದು ಡಿಗ್ರಿ! ಹಾಗಾದರೆ ನಿಜವಾದ ತಡೆ ಗಾಳಿಯೇ ಹೊರತು ಪ್ಲಾಸ್ಟಿಕ್ಕಲ್ಲ. ಆದರೆ 'ಸಮನಾಗಿ' ಎಂಬ ಮಾತನ್ನು ಮರೆಯಬಾರದು. ಅದೇ ಶಾಖವು ಚಿಪ್ಪಿನ ಹಿಂದಿನ ಒಂದು ಚದರ ಸೆಂಟಿಮೀಟರಿನ ಮೂಲಕವೇ ಹೋಗಬೇಕಾದರೆ ನೂರೈವತ್ತು ಡಿಗ್ರಿಗಳ ವ್ಯತ್ಯಾಸ ಬೇಕಾದೀತು. ಶಾಖವನ್ನು ಅಗಲಕ್ಕೆ ಹರಡುವುದರಲ್ಲಿ ಲೋಹದ ಬೆನ್ನು ಶ್ರೇಷ್ಠವೆಂಬುದನ್ನು ಒಪ್ಪಲೇಬೇಕು. ಆದರೆ ಗಾಜಿನ ಬೆನ್ನಿಗೂ ಈ ಶಕ್ತಿ ಇಲ್ಲದಿರುವುದರಿಂದ ಇಂದಿನ ಫೋನುಗಳ ಒಳಗೆ ಗ್ರಾಫೈಟ್ ಅಥವಾ ತಾಮ್ರದ ಹಾಳೆಗಳನ್ನು ಹೇಗೂ ಇಟ್ಟಿರುತ್ತಾರೆ. ಪ್ಲಾಸ್ಟಿಕ್ ಬೆನ್ನಿಗೂ ಅದೇ ಪರಿಹಾರ ಸಲ್ಲುತ್ತದೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಬಲವಾದುದು. ಅಲ್ಯೂಮಿನಿಯಮ್ಮಿನ ಯಂಗ್ ಗುಣಾಂಕ ಸುಮಾರು ೭೦ ಗಿಗಾಪ್ಯಾಸ್ಕಲ್. ಪಾಲಿಕಾರ್ಬೊನೇಟಿನದು ಸುಮಾರು ೨.೪ ಮಾತ್ರ. ಹಲಗೆಯ ಬಿಗಿತನವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ಅಷ್ಟೇ ಬಿಗಿಯಾಗಿರಲು ಪ್ಲಾಸ್ಟಿಕ್ ಹಲಗೆ ಮೂರು ಪಟ್ಟು ದಪ್ಪವಾಗಬೇಕು. ಆಗ ಸಾಂದ್ರತೆ ಕಡಿಮೆಯಿದ್ದರೂ ಅದರ ತೂಕ ಅಲ್ಯೂಮಿನಿಯಮ್ಮಿನ ಹಲಗೆಗಿಂತ ಮೂರನೆಯ ಒಂದು ಪಾಲು ಹೆಚ್ಚೇ ಆಗುವುದು. ಆದುದರಿಂದ ಪೂರ್ತಿ ಪ್ಲಾಸ್ಟಿಕ್ಕಿನ ತೆಳ್ಳನೆಯ ಫೋನು ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ಪ್ರಾಣಿಗಳ ದೇಹದಲ್ಲಿ ಮೂಳೆಯ ಕೆಲಸ ಬೇರೆ, ಚರ್ಮದ ಕೆಲಸ ಬೇರೆ. ಫೋನಿನಲ್ಲಿಯೂ ಒಳಗೆ ಲೋಹದ ಎಲುಬುಗೂಡು, ಹೊರಗೆ ಪ್ಲಾಸ್ಟಿಕ್ಕಿನ ಚರ್ಮ ಇರುವುದೇ ಸರಿಯಾದ ಕ್ರಮ. ೨೦೨೧ರ ಗ್ಯಾಲಕ್ಸಿ ಎಸ್೨೧ ಅಲ್ಯೂಮಿನಿಯಮ್ಮಿನ ಚೌಕಟ್ಟಿಗೆ ಪ್ಲಾಸ್ಟಿಕ್ ಬೆನ್ನನ್ನು ಹೊಂದಿಸಿಕೊಂಡಿದ್ದಿತು.

ಮೂರನೆಯದು ಪರಿಸರದ ವಿಷಯ. ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗದು, ಬಿಸಿಲಿಗೆ ಹಳದಿಯಾಗುವುದು, ಬೇಗ ಗೀರುಬೀಳುವುದು. ಇವೆಲ್ಲವೂ ನಿಜ. ಆದರೆ ಫೋನೊಂದು ಪರಿಸರದ ಮೇಲೆ ಹೇರುವ ಹೊರೆಯಲ್ಲಿ ಬಹುಭಾಗವು ಅದರ ತಯಾರಿಕೆಯ ಕಾಲದಲ್ಲಿಯೇ ಬೀಳುತ್ತದೆ. ಆದುದರಿಂದ ಎರಡು ವರ್ಷ ಬಾಳುವ ಫೋನನ್ನು ಐದು ವರ್ಷ ಬಾಳಿಸುವುದೇ ದೊಡ್ಡ ಉಪಕಾರ. ಗೀರುಬಿದ್ದ ಪ್ಲಾಸ್ಟಿಕ್ ಫೋನು ಕೆಲಸಮಾಡುತ್ತಲೇ ಇರುತ್ತದೆ. ಮೇಲಾಗಿ, ಗಾಜಿನ ಫೋನನ್ನು ಕೊಂಡವರು ಮಾಡುವ ಮೊದಲ ಕೆಲಸವೇನು? ಅದೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರೊಂದನ್ನು ಕೊಂಡು ಅದಕ್ಕೆ ತೊಡಿಸುತ್ತಾರೆ. ಹೊಳೆಯುವ ಗಾಜಿಗೆ ಹಣ ಕೊಟ್ಟು, ಅದನ್ನು ಮುಚ್ಚುವುದಕ್ಕೆ ಮತ್ತೆ ಹಣ ಕೊಡುವುದು! ಪ್ಲಾಸ್ಟಿಕ್ಕು ಎಲ್ಲಿಗೂ ಹೋಗಿಲ್ಲ. ತಯಾರಕರು ಬಿಟ್ಟುದನ್ನು ಬಳಕೆದಾರರು ತಮ್ಮ ಖರ್ಚಿನಲ್ಲಿ ಹಿಂದಕ್ಕೆ ತಂದುಕೊಂಡಿದ್ದಾರೆ, ಅಷ್ಟೇ.

ಪ್ಲಾಸ್ಟಿಕ್ ಬೆನ್ನಿನ ಅತಿ ದೊಡ್ಡ ಗುಣವೆಂದರೆ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆಯಬಹುದಾಗಿದ್ದುದು. ಲಿಥಿಯಂ ಬ್ಯಾಟರಿಯು ಕಾಲಕ್ರಮದಲ್ಲಿ ಸವೆಯುವುದು ರಸಾಯನಶಾಸ್ತ್ರದ ನಿಯಮ. ಹಿಂದೆ ಅಂಗಡಿಯಿಂದ ಹೊಸ ಬ್ಯಾಟರಿಯನ್ನು ತಂದು ಒಂದು ನಿಮಿಷದಲ್ಲಿ ಬದಲಾಯಿಸಬಹುದಾಗಿತ್ತು. ಅಂಟಿಸಿದ ಗಾಜಿನ ಬೆನ್ನು ಬಂದ ಮೇಲೆ ಅದಕ್ಕೆ ಬಿಸಿಗಾಳಿ, ವಿಶೇಷ ಸಲಕರಣೆ, ನುರಿತ ಕೈ ಇವೆಲ್ಲವೂ ಬೇಕಾದವು. ನೀರು ಒಳಸೇರದಿರಲು ಅಂಟು ಅನಿವಾರ್ಯವೆಂದು ಕೆಲವರು ಹೇಳುವರು. ತೆಗೆಯಬಹುದಾದ ಪ್ಲಾಸ್ಟಿಕ್ ಬೆನ್ನಿದ್ದ ಗ್ಯಾಲಕ್ಸಿ ಎಸ್೫ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆಯನ್ನು ಪೂರೈಸುವ ದರ್ಜೆಯದಾಗಿತ್ತೆಂಬುದನ್ನು ಅವರು ನೆನೆಯಬೇಕು. ಐರೋಪ್ಯ ಒಕ್ಕೂಟವು ೨೦೨೩ರಲ್ಲಿ ಅಂಗೀಕರಿಸಿದ ಬ್ಯಾಟರಿ ಕಾನೂನು, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಾಯಿಸುವಂತಿರಬೇಕೆಂಬ ನಿಯಮಕ್ಕೆ, ಕೆಲವು ವಿನಾಯಿತಿಗಳೊಡನೆ, ೨೦೨೭ರ ಫೆಬ್ರವರಿ ೧೮ನೆಯ ದಿನವನ್ನು ಗೊತ್ತುಮಾಡಿದೆ. ಈ ಉದ್ದೇಶಕ್ಕೆ ಬಾಗಿ ಮರಳುವ ಪ್ಲಾಸ್ಟಿಕ್ಕಿಗಿಂತ ಹೊಂದುವ ವಸ್ತು ಬೇರೊಂದಿಲ್ಲ.

ಹೀಗಿರಲು, ಮರಳಿ ಬರಬೇಕಾದುದು ಎಂತಹ ಪ್ಲಾಸ್ಟಿಕ್ ಫೋನು? ಒಳಗೆ ಲೋಹದ ಚೌಕಟ್ಟು, ಶಾಖ ಹರಡುವ ಹಾಳೆ; ಹೊರಗೆ ಬಣ್ಣ ಬಳಿಯದೆ ಮೈಯೊಳಗೇ ಬಣ್ಣವುಳ್ಳ, ಸಾಧ್ಯವಾದಷ್ಟೂ ಮರುಬಳಕೆಯ ಪಾಲಿಕಾರ್ಬೊನೇಟು; ತೆಗೆಯಬಹುದಾದ ಬೆನ್ನು, ಬದಲಾಯಿಸಬಹುದಾದ ಬ್ಯಾಟರಿ. ಇವಿಲ್ಲದೆ ಕೇವಲ ತಯಾರಕನ ಖರ್ಚನ್ನು ಉಳಿಸುವುದಕ್ಕಾಗಿ ಬರುವ ಅಂಟಿಸಿದ ಪ್ಲಾಸ್ಟಿಕ್ಕನ್ನು ನಾವು ಸ್ವಾಗತಿಸಬೇಕಾದುದಿಲ್ಲ.

ತಂದೆತಾಯಿಗಳ ಸಂಬಳದಲ್ಲಿ ಒಂದು ಪಾಲನ್ನು ಫೋನಿಗೆ ಕೇಳುವ ವಿದ್ಯಾರ್ಥಿ ಮಿತ್ರರಿಗೆ ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಒಡೆದ ಬೆನ್ನನ್ನು ಹಾಕಿಸುವ ಖರ್ಚೂ, ಬ್ಯಾಟರಿ ಸವೆದುದಕ್ಕಾಗಿ ಫೋನನ್ನೇ ಬದಲಾಯಿಸುವ ಖರ್ಚೂ ಆ ಸಂಬಳದಿಂದಲೇ ಬರಬೇಕು. ಮುಂದಿನ ಸಲ ಅಂಗಡಿಯಲ್ಲಿ ಫೋನನ್ನು ಕೈಗೆತ್ತಿಕೊಂಡಾಗ, ಅದು ಎಷ್ಟು ತಣ್ಣಗಿದೆಯೆಂಬುದನ್ನು ಬಿಟ್ಟು, ಬಿದ್ದರೆ ಏನಾಗುವುದು, ಕೆಟ್ಟರೆ ಯಾರು ತೆರೆಯಬಲ್ಲರು ಎಂದು ಕೇಳಿರಿ. ತರಗತಿಯಲ್ಲಿ ಓದಿದ ಭೌತಶಾಸ್ತ್ರವು ಅಂಗಡಿಯಲ್ಲಿ ಉಪಯೋಗಕ್ಕೆ ಬಾರದಿದ್ದರೆ ಅದನ್ನು ಓದಿ ಫಲವೇನು?