ಕಂತು ಮೊದಲು, ಕಕ್ಷಿದಾರ ಆಮೇಲೆ

ಮಾನ್ಯ ಕಾನೂನು ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.



ಪುಣೆಯಿಂದ ಬರುವ ಹೆದ್ದಾರಿ ಕರ್ನಾಟಕಕ್ಕೆ ಕಾಲಿಡುವಲ್ಲಿ ನಮ್ಮೂರು ಕೊಗನೊಳ್ಳಿ ಇದೆ. ತಂಬಾಕು, ಕಬ್ಬು ನಂಬಿದ ಮನೆಗಳು. 1956ರವರೆಗೆ ಈ ಸೀಮೆ ಮುಂಬೈ ರಾಜ್ಯದಲ್ಲಿತ್ತು. ಹಳೆಯ ವಾಟ್ನಿ (ಪಾಲು) ಪತ್ರ, ಖರೀದಿ ಪತ್ರಗಳು ಎಷ್ಟೋ ಮನೆಗಳಲ್ಲಿ ಮರಾಠಿಯಲ್ಲೇ ಇವೆ. ಅವನ್ನು ಓದಿ ಕನ್ನಡದಲ್ಲಿ ವಾದಿಸಬಲ್ಲ ವಕೀಲರು ನಿಪ್ಪಾಣಿ, ಚಿಕ್ಕೋಡಿ ಕೋರ್ಟುಗಳಿಗೆ ಬೇಕು. ಅಂಥವರು ನಮ್ಮ ಮನೆಗಳಿಂದಲೇ ಬರಬೇಕು.

ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ಈ ಭಾಗದ ಮಕ್ಕಳಿಗೆ ಕಾನೂನು ಕಲಿಸುತ್ತಿದೆ. ಅದರ ಋಣ ದೊಡ್ಡದು. ಆದರೆ ಜಾಣ ಹುಡುಗಿಯೊಬ್ಬಳು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುತ್ತೇನೆಂದರೆ ವರ್ಷಕ್ಕೆ ಮೂರು ಲಕ್ಷ ರೂಪಾಯಿಗೂ ಮಿಕ್ಕಿ ಹೊಂದಿಸಬೇಕು, ಅದೂ 5 ವರ್ಷ.

ಅದಕ್ಕೆ ಸಾಲವೇ ದಾರಿ. 10 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ 10 ವರ್ಷದ ಕಂತು ತಿಂಗಳಿಗೆ ಸುಮಾರು 13,200 ರೂಪಾಯಿ. ಓದುವಾಗ ಬೆಳೆದ ಬಡ್ಡಿ ಬೇರೆ. ಓದು ಮುಗಿದು ಒಂದು ವರ್ಷಕ್ಕೆ ಬ್ಯಾಂಕು ಕಂತು ಕೇಳುತ್ತದೆ. ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯ ಬಡ್ಡಿ ರಿಯಾಯಿತಿಯೂ ಆ ಗಡುವಿನವರೆಗೆ ಮಾತ್ರ. ಆ ಹೊತ್ತಿಗೆ ಕಿರಿಯ ವಕೀಲೆ ಇನ್ನೂ ಹಿರಿಯರ ಫೈಲು ಹಿಡಿದು ಕೋರ್ಟು ಕಲಿಯುತ್ತಿರುತ್ತಾಳೆ. ಗ್ರಾಮೀಣ ಭಾಗದ ಕಿರಿಯರಿಗೆ ತಿಂಗಳಿಗೆ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿತು. ಅದು ಸಲಹೆ, ಕಡ್ಡಾಯವಲ್ಲ. ಪೂರ್ತಿ ಕೈಗೆ ಬಂತೆಂದೇ ಹಿಡಿಯಿರಿ: ಕಂತು ಕಟ್ಟಿ ಉಳಿಯುವುದು 1,800. ಇಷ್ಟರಲ್ಲಿ ಆಕೆ ನಿಪ್ಪಾಣಿಗೆ ಮರಳುವುದು ಹೇಗೆ? ಬೆಂಗಳೂರು, ಮುಂಬೈಗಳ ಕಂಪನಿ ಕೆಲಸಕ್ಕೆ ಹೋಗುತ್ತಾಳೆ. ಆಕೆಯನ್ನು ದೂರುವಂತಿಲ್ಲ.

ವಕೀಲಿಕೆಯ ಸನದು ಪಡೆಯಲು ಸಾಮಾನ್ಯ ವರ್ಗದವರಿಂದ 750 ರೂಪಾಯಿ ಶುಲ್ಕಕ್ಕಿಂತ ಹೆಚ್ಚು ವಸೂಲಿ ಮಾಡಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪಿತ್ತಿತು. ಬಡವರಿಗೆ ಬಾಗಿಲು ತೆರೆಯಿತು. ಒಳಗೆ ಬಂದವರು ನಿಲ್ಲುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಹೂಡುವ ಬಡ ಮನೆಯ ಮಕ್ಕಳಿಗೆ, ಜಾತಿ ಯಾವುದೇ ಇರಲಿ, ಮೊದಲ ಮೂರು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟಲಿ. ಅಲ್ಲಿಯತನಕ ಕಂತು ಕೇಳದಂತೆ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯಲ್ಲಿ ಮಾತಾಡಿ. ಬಜೆಟ್ಟಿಗೆ ಮುಂಚೆ ಒಮ್ಮೆ ನಿಪ್ಪಾಣಿ ಕೋರ್ಟಿಗೆ ಬಂದು ಕಿರಿಯ ವಕೀಲರೊಂದಿಗೆ ಕೂತು, ತಿಂಗಳಿಗೆ ಕೈಗೆ ಬರುವುದೆಷ್ಟು, ಬ್ಯಾಂಕಿಗೆ ಹೋಗುವುದೆಷ್ಟು ಎಂದು ಕೇಳಿ.

ಇಂತಿ,
ಕೊಗನೊಳ್ಳಿಯ ಒಬ್ಬ ನಿವಾಸಿ